ಗಡಿಯ ಅಡಿಕೆ ಅಂಗಡಿಯಲ್ಲಿ ತೀರ್ಮಾನ: ಕಾಸರಗೋಡಿನ ಒಂದು ಅರ್ಧ ಕಿರ್ದಿಯ ಸುತ್ತ

ಇಲ್ಲಿ ಮಳೆ ಜೋರುಂಟು. ಮಧ್ಯದಲ್ಲಿ ಕರೆಂಟು ಹೋದರೆ ಫೋನಿನಿಂದ ಪುನಃ ಸೇರಿಕೊಳ್ಳುತ್ತೇನೆ, ಸ್ವಲ್ಪ ಸುಧಾರಿಸಿಕೊಳ್ಳಬೇಕು.

ಸಂಘಟಕರು ಕೊಟ್ಟ ವಿಷಯ ದೊಡ್ಡದು. ಸಣ್ಣ ವ್ಯಾಪಾರಿಗಳು ತೀರ್ಮಾನ ತೆಗೆದುಕೊಳ್ಳುವ ರೀತಿಗೂ ಅವರ ವ್ಯಾಪಾರದ ಏಳುಬೀಳಿಗೂ ಏನು ಸಂಬಂಧ ಎಂಬುದು. ನಾನು ಅದನ್ನು ಸಣ್ಣದು ಮಾಡಿಕೊಂಡಿದ್ದೇನೆ. ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಬದಿಯಡ್ಕಕ್ಕೂ ಪೆರ್ಲಕ್ಕೂ ನಡುವೆ ಒಂದು ಕವಲು. ಅಲ್ಲಿ ಎರಡು ಅಂಗಡಿಗಳಿದ್ದವು. ಒಂದನ್ನು ಮೇಲಿನಂಗಡಿ ಅನ್ನುತ್ತಿದ್ದರು, ಇನ್ನೊಂದನ್ನು ಕೆಳಗಿನಂಗಡಿ. ಎರಡಕ್ಕೂ ನಡುವೆ ಇನ್ನೂರು ಹೆಜ್ಜೆ ಇರಬಹುದು. ಮೇಲಿನಂಗಡಿ 1970ರ ದಶಕದ ಆರಂಭದಲ್ಲಿ ಮುಚ್ಚಿತು. ಕೆಳಗಿನಂಗಡಿ ಈಗಲೂ ಉಂಟು. ಅದು ನಮ್ಮದು. ಊರಿನ ಹೆಸರನ್ನೂ ಮೇಲಿನಂಗಡಿಯವರ ಹೆಸರನ್ನೂ ನಾನು ಹೇಳುವುದಿಲ್ಲ, ಅವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಕಾರಣ ಮುಂದೆ ನಿಮಗೇ ತಿಳಿಯುತ್ತದೆ.

ಅಡಿಕೆ ಅಂಗಡಿ ಅಂದ್ರೆ ಏನು ಅಂತ ಸೊಲ್ಲಾಪುರ, ಆದವಾನಿ ಕಡೆಯಿಂದ ಬಂದವರಿಗೆ ಒಂದು ಮಾತು ಹೇಳಬೇಕು. ಹೊರಗಿನಿಂದ ನೋಡಿದರೆ ಅದು ಜಿನಸಿನ ಅಂಗಡಿ. ಅಕ್ಕಿ, ಬೆಲ್ಲ, ಸೀಮೆಎಣ್ಣೆ, ಒಣಮೀನು, ಹೊಗೆಸೊಪ್ಪು ಎಲ್ಲ ಇರುತ್ತದೆ. ಮಳೆಗಾಲದಲ್ಲಿ ಒಕ್ಕಲಿನವ ಬಂದು ಸಾಲಕ್ಕೆ ಸಾಮಾನು ಒಯ್ಯುತ್ತಾನೆ. ನವೆಂಬರಿನಿಂದ ಕೊಯ್ಲು ಸುರು. ಹಣ್ಣಡಿಕೆ ಅಂಗಳದಲ್ಲಿ ನಲವತ್ತು ನಲವತ್ತೈದು ದಿನ ಒಣಗಬೇಕು. ಸುಲಿದ ಮೇಲೆ ಅದು ಚಾಲಿ. ಆಗ ಅವ ಗೋಣಿ ಹೊತ್ತುಕೊಂಡು ಬಂದು ಸಾಲ ತೀರಿಸುತ್ತಾನೆ, ಮಿಕ್ಕದ್ದಕ್ಕೆ ನಗದು ಕೇಳುತ್ತಾನೆ. ಅಂಗಡಿಯವ ಒಂದು ಮುಷ್ಟಿ ಹಿಡಿದು, ಕೆಳಗೆ ಬಿಟ್ಟು, ಶಬ್ದ ಕೇಳಿ, ಎರಡು ಅಡಿಕೆ ತುಂಡು ಮಾಡಿ ನೋಡಿ ಬೆಲೆ ಹೇಳಬೇಕು. ಒಡೆದದ್ದು ಪಟೋರ, ಸೀಳು ಬಿಟ್ಟದ್ದು ಉಳ್ಳಿಗಡ್ಡೆ, ಕೆಟ್ಟು ಕಪ್ಪಾದದ್ದು ಕರಿಗೋಟು, ಒಂದೊಂದಕ್ಕೆ ಒಂದೊಂದು ಕ್ರಯ. ಇಷ್ಟು ಒಂದು ತೀರ್ಮಾನ. ಇದಕ್ಕಿಂತ ದೊಡ್ಡದು ಆಮೇಲೆ ಬರುತ್ತದೆ. ಆ ಅಡಿಕೆಯನ್ನು ಈಗಲೇ ಮಂಗಳೂರು ಬಂದರಿನ ಮಂಡಿಗೆ ಕಳಿಸುವುದಾ, ಒಂದು ಮಳೆಗಾಲ ದಾಟಿಸಿ ಹಳತು ಮಾಡಿ ಮಾರುವುದಾ? ಹಳತಿಗೆ ಹೆಚ್ಚು ಬೆಲೆ. ಎರಡು ವರ್ಷ ಇಟ್ಟರೆ ಡಬ್ಬಲ್ ಚೋಲು, ಇನ್ನೂ ಹೆಚ್ಚು. ಆದರೆ ಹುಳ ಹೊಡೆಯಬಹುದು, ಬೂಸು ಹಿಡಿಯಬಹುದು, ತೂಕ ಇಳಿಯುತ್ತದೆ, ಹಾಕಿದ ದುಡ್ಡು ಅಟ್ಟದಲ್ಲಿ ಕೂತಿರುತ್ತದೆ. ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು: ಮುಂದಿನ ವರ್ಷದ ಬೆಳೆಯ ಮೇಲೆ ಯಾರಿಗೆ ಎಷ್ಟು ಮುಂಗಡ ಕೊಡುವುದು?

ತೀರ್ಮಾನದ ಶೈಲಿಯ ಬಗ್ಗೆ ಓದಲು ಹೊರಟಾಗ ನನಗೆ ಮೊದಲು ಸಿಕ್ಕಿದ್ದು ಸ್ಕಾಟ್ ಮತ್ತು ಬ್ರೂಸ್ ಎಂಬ ಇಬ್ಬರು 1995ರಲ್ಲಿ ಮಾಡಿದ ವಿಂಗಡಣೆ. ಈಗ ಎಲ್ಲ ಮ್ಯಾನೇಜ್‌ಮೆಂಟ್ ಪುಸ್ತಕಗಳಲ್ಲೂ ಅದು ಬರುತ್ತದೆ. ಅವರ ಪ್ರಕಾರ ಐದು ಶೈಲಿ. ಲೆಕ್ಕ ಹಾಕಿ ತೀರ್ಮಾನಿಸುವವ, ಮನಸ್ಸಿಗೆ ತೋಚಿದ್ದನ್ನು ನಂಬುವವ, ಬೇರೆಯವರನ್ನು ಕೇಳದೆ ಮುಂದೆ ಹೋಗದವ, ಸಾಧ್ಯವಾದಷ್ಟು ಮುಂದೂಡುವವ, ತಟ್ಟನೆ ಮುಗಿಸಿಬಿಡುವವ. ಅವರು ಪ್ರಶ್ನಾವಳಿ ಕೊಟ್ಟು ಉತ್ತರ ಪಡೆದದ್ದು ಸೇನಾಧಿಕಾರಿಗಳಿಂದ, ವಿದ್ಯಾರ್ಥಿಗಳಿಂದ, ಇಂಜಿನಿಯರುಗಳಿಂದ. ಅಂಗಡಿ ಇಟ್ಟವ ಅದರಲ್ಲಿಲ್ಲ. ಇರಲಿ, ವಿಂಗಡಣೆ ಉಪಯೋಗದ್ದೇ. ಅದನ್ನು ಹಿಡಿದುಕೊಂಡು ನಮ್ಮ ಕವಲಿಗೆ ಬಂದರೆ ಉತ್ತರ ಬಹಳ ಸುಲಭ ಅಂತ ನಾನು ತಿಳಿದಿದ್ದೆ. ಯಾಕೆಂದರೆ ನಮ್ಮ ಮನೆಯಲ್ಲಿ ಆ ಉತ್ತರ ಮೊದಲೇ ತಯಾರಿತ್ತು.

ಸಣ್ಣಂದಿನಿಂದ ಕೇಳಿದ ಕತೆ ಇದು. ಮೇಲಿನಂಗಡಿಯವರು ಹಿಂದೆ ಮುಂದೆ ನೋಡದವರು. ಕೈ ದೊಡ್ಡದು. ಯಾರು ಬಂದು ಕೇಳಿದರೂ ಮುಂಗಡ ಎಣಿಸಿ ಕೊಟ್ಟರು, ದಣಿಗಳ ಮನೆಗೆ ಹೋಗಿ ಕೊಟ್ಟು ಬಂದರು, ಕೊನೆಗೆ ಮುಳುಗಿದರು. ನಮ್ಮ ಅಜ್ಜ ನಿಧಾನಿ. ಹತ್ತು ಸಲ ಯೋಚಿಸಿ ಒಂದು ಹೆಜ್ಜೆ ಇಟ್ಟವರು, ಹಾಗಾಗಿ ಉಳಿದರು. ಮಕ್ಕಳು ಯಾರಾದರೂ ಅವಸರ ಮಾಡಿದರೆ "ಮೇಲಿನಂಗಡಿಯವರ ಹಾಗೆ ಮಾಡ್ಬೇಡ" ಅಂತ ಮನೆಯಲ್ಲಿ ಬೈಯುತ್ತಿದ್ದರು. ಒಬ್ಬ ಮನುಷ್ಯ ನಮ್ಮ ಮನೆಯಲ್ಲಿ ಬೈಗುಳ ಆಗಿ ಉಳಿದಿದ್ದರು. ಐವತ್ತು ವರ್ಷ.

ಮೊದಲು ಅಜ್ಜನ ವಿಷಯ ಹೇಳುತ್ತೇನೆ. ಅಜ್ಜ ನಿಧಾನಿ ಹೌದು, ಆದರೆ ಯೋಚಿಸುತ್ತಿದ್ದದ್ದು ಅವರಲ್ಲ. ಯಾರಾದರೂ ದೊಡ್ಡ ಸಾಲ ಕೇಳಿದರೆ ಅಜ್ಜ "ನಾಳೆ ಬನ್ನಿ, ಈಗ ಗಲ್ಲೆಯಲ್ಲಿ ಚಿಲ್ಲರೆ ಇಲ್ಲ" ಅನ್ನುತ್ತಿದ್ದರು. ರಾತ್ರಿ ಊಟ ಬಡಿಸುವಾಗ ಅಜ್ಜಿಯ ಹತ್ತಿರ ವಿಷಯ ಬರುತ್ತಿತ್ತು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ಮಗಳ ಮದುವೆ ನಿಶ್ಚಯ ಆಗಿದೆಯಾ, ಹಟ್ಟಿಯಲ್ಲಿ ಹಾಲು ಕೊಡುವ ಹಸು ಎಷ್ಟುಂಟು, ಅಣ್ಣತಮ್ಮಂದಿರು ಪಾಲು ಆಗುವವರಿದ್ದಾರಾ, ತೋಟಕ್ಕೆ ಈ ವರ್ಷ ಕೊಳೆರೋಗದ ಮದ್ದು ಬಿಟ್ಟಿದ್ದಾರಾ, ಎಲ್ಲ ಗೊತ್ತಿತ್ತು. ಬಾವಿಕಟ್ಟೆಯಲ್ಲಿ, ಭೂತದ ಕೋಲದಲ್ಲಿ, ಬಾಣಂತಿ ನೋಡಲು ಹೋದಲ್ಲಿ ತಿಳಿದದ್ದು. ಅಜ್ಜಿ ಒಂದೇ ಮಾತು ಹೇಳುತ್ತಿದ್ದರಂತೆ, "ಕೊಡಿ" ಅಥವಾ "ಅರ್ಧ ಕೊಡಿ". "ಕೊಡ್ಬೇಡಿ" ಅಂತ ಹೇಳಿದ್ದು ಕಡಿಮೆ ಅಂತ ಅಪ್ಪ ನೆನಪಿಸಿಕೊಳ್ಳುತ್ತಾರೆ. ಈ "ಅರ್ಧ ಕೊಡಿ"ಯಲ್ಲಿ ಎಷ್ಟು ವ್ಯವಹಾರ ಉಂಟು ನೋಡಿ! ಗಿರಾಕಿ ಕೈತಪ್ಪುವುದಿಲ್ಲ, ಮುಳುಗಿದರೂ ಅರ್ಧವೇ ಮುಳುಗುತ್ತದೆ.

ಐದು ಶೈಲಿಯ ಪಟ್ಟಿಯಲ್ಲಿ ಅಜ್ಜನನ್ನು ಎಲ್ಲಿ ಕೂರಿಸುವುದು? ಪ್ರಶ್ನಾವಳಿ ಕೊಟ್ಟಿದ್ದರೆ ಬೇರೆಯವರನ್ನು ಅವಲಂಬಿಸಿದವ ಎಂದಾಗುತ್ತಿತ್ತು, ಮುಂದೂಡುವವ ಎಂದೂ ಆಗುತ್ತಿತ್ತು. ಎರಡೂ ಒಳ್ಳೆಯ ಹೆಸರಲ್ಲ. ಅಜ್ಜಿಯಂತೂ ಪಟ್ಟಿಯಲ್ಲೇ ಬರುವುದಿಲ್ಲ, ಯಾಕೆಂದರೆ ಅಂಗಡಿಯ ಯಜಮಾನಿ ಎಂದು ಯಾವ ಕಾಗದದಲ್ಲೂ ಅವರ ಹೆಸರಿಲ್ಲ. ಸಣ್ಣ ವ್ಯಾಪಾರದಲ್ಲಿ "ಯಜಮಾನನ ಶೈಲಿ" ಅಂತ ನಾವು ಅಳೆಯುವುದು ಎಷ್ಟೋ ಸಲ ಅಡಿಗೆಮನೆಯಲ್ಲಿ ಆದ ತೀರ್ಮಾನವನ್ನು. ಹರ್ಬರ್ಟ್ ಸೈಮನ್, 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಮನುಷ್ಯ ಎಲ್ಲಕ್ಕಿಂತ ಒಳ್ಳೆಯದನ್ನು ಹುಡುಕುತ್ತಾ ಕೂರುವುದಿಲ್ಲ, ಸಾಕಷ್ಟು ಒಳ್ಳೆಯದು ಸಿಕ್ಕಿದಾಗ ನಿಲ್ಲಿಸುತ್ತಾನೆ ಎಂದರು. ಅಜ್ಜಿಯ "ಅರ್ಧ ಕೊಡಿ"ಯನ್ನು ನಾನು ಅಲ್ಲಿ ಇಡುತ್ತೇನೆ.

ಈಗ ಮೇಲಿನಂಗಡಿ.

ಐದಾರು ವರ್ಷದ ಹಿಂದೆ ನಮ್ಮ ಅಂಗಡಿಯ ಅಟ್ಟ ದುರಸ್ತಿಗೆ ಬಂತು. ಹಳೆಯ ಕಿರ್ದಿ, ಖಾತೆ ಪುಸ್ತಕಗಳ ಕಟ್ಟುಗಳನ್ನು ಕೆಳಗಿಳಿಸಿದೆವು. ಗುಜರಿಯವನಿಗೆ ಕೊಡುವುದು ಅಂತಲೇ ಇತ್ತು. ನಾನು ಸುಮ್ಮನೆ ಬಿಡಿಸುತ್ತಾ ಕೂತಾಗ ಅಜ್ಜನ ಪುಸ್ತಕಗಳ ನಡುವೆ ಒಂದು ಬೇರೆ ಕೈಬರಹ ಕಂಡಿತು. ಅಜ್ಜನದ್ದು ಕೋಳಿಕಾಲು. ಇದು ಸಾಲಿನ ಮೇಲೆ ಸಾಲು, ಮುತ್ತು ಪೋಣಿಸಿದ ಹಾಗೆ. 1967ರ ದೀಪಾವಳಿಯಿಂದ ಸುರುವಾಗಿ 1970ರ ಮಧ್ಯದಲ್ಲಿ ನಿಂತಿತ್ತು. ಹಿಂದಿನ ಅರ್ಧ ಇಲ್ಲ, ಹಾಳೆಗಳನ್ನು ಹೊಲಿಗೆಯಿಂದಲೇ ಕಿತ್ತು ತೆಗೆದಿದ್ದರು. ಅಪ್ಪನಿಗೆ ತೋರಿಸಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: ಮೇಲಿನಂಗಡಿ ಮುಚ್ಚಿದಾಗ ಅವರ ತಕ್ಕಡಿ, ತೂಕದ ಕಲ್ಲು, ಡಬ್ಬಗಳ ಜೊತೆ ಹಳೆ ಕಾಗದವನ್ನೂ ಅಜ್ಜ ತೂಕಕ್ಕೆ ತೆಗೆದುಕೊಂಡಿದ್ದರು, ಪೊಟ್ಟಣ ಕಟ್ಟಲಿಕ್ಕೆ. ಅಂದ್ರೆ ಸೋತ ಅಂಗಡಿಯ ಲೆಕ್ಕದಲ್ಲಿ ನಾವು ಊರಿಗೆಲ್ಲ ಜೀರಿಗೆ, ಮೆಣಸು, ಸಕ್ಕರೆ ಕಟ್ಟಿಕೊಟ್ಟಿದ್ದೇವೆ.

ಇತಿಹಾಸದ ವಿದ್ಯಾರ್ಥಿಗಳು ಇದನ್ನು ಸ್ವಲ್ಪ ಗಮನಿಸಬೇಕು. ಉಳಿದ ಅಂಗಡಿಯ ಪುಸ್ತಕ ಅಟ್ಟದಲ್ಲಿ ಉಳಿಯುತ್ತದೆ, ಮುಳುಗಿದ ಅಂಗಡಿಯದ್ದು ಪೊಟ್ಟಣ ಆಗುತ್ತದೆ. ನಾವು ಹೋಗಿ ಯಶಸ್ಸಿನ ಕಾರಣ ಹುಡುಕುವುದು ಅಟ್ಟದಲ್ಲಿ ಇರುವ ಪುಸ್ತಕಗಳಲ್ಲಿ.

ಆ ಅರ್ಧ ಕಿರ್ದಿಯಲ್ಲಿ ಏನುಂಟು? ಪ್ರತಿ ವಾರ, ಅಂಚಿನಲ್ಲಿ, ಬಂದರಿನ ದರ. ಹೊಸತಕ್ಕೆ ಎಷ್ಟು, ಹಳತಕ್ಕೆ ಎಷ್ಟು, ಪಟೋರಕ್ಕೆ ಎಷ್ಟು. ಪತ್ರಿಕೆಯಲ್ಲಿ ಕಂಡದ್ದಕ್ಕೆ ಒಂದು ಗುರುತು, ಲಾರಿಯವ ತಂದ ಸುದ್ದಿಗೆ ಬೇರೆ ಗುರುತು. ಎರಡೂ ತಾಳೆಯಾಗದಿದ್ದಲ್ಲಿ ಸಣ್ಣ ಅಡ್ಡಗೀಟು. ಮುಂಗಡ ಕೊಟ್ಟಲ್ಲಿ ತೋಟದ ಮರಗಳ ಅಂದಾಜು, ಹಿಂದಿನ ವರ್ಷ ಬಂದ ಅಡಿಕೆ, ದಣಿಗೆ ಬರುವ ಗೇಣಿಯ ಮೊತ್ತ. ವಿಟ್ಲದ ಯಾರನ್ನೋ ಕೇಳಿದ್ದರ ಟಿಪ್ಪಣಿ ನಾಲ್ಕಾರು ಕಡೆ ಇದೆ. ಹಿಂದೆ ಮುಂದೆ ನೋಡದ ಮನುಷ್ಯನ ಪುಸ್ತಕ ಅಲ್ಲ ಅದು. ನಮ್ಮ ಅಜ್ಜನ ಇಡೀ ಕಟ್ಟಿನಲ್ಲಿ ಬಂದರಿನ ದರ ಬರೆದದ್ದು ಹುಡುಕಿದರೆ ಹತ್ತು ಕಡೆ ಸಿಕ್ಕೀತು. ಐದು ಶೈಲಿಯಲ್ಲಿ ಲೆಕ್ಕ ಹಾಕಿ ತೀರ್ಮಾನಿಸುವವ ಎಂಬ ಮೊದಲ ಕುರ್ಚಿ ಇದ್ದರೆ ಅದು ಮೇಲಿನಂಗಡಿಯವರದ್ದೇ.

ಹಾಗಾದರೆ ಯಾಕೆ ಮುಳುಗಿದರು?

ಇಲ್ಲಿ ಗಡಿ ಬರುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿತು. ಅದರ ನೋವು, ಹೋರಾಟ, ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿ, ಇವುಗಳ ಬಗ್ಗೆ ಇಲ್ಲಿ ಬಹಳ ಮಾತಾಗಿದೆ, ನಾನು ಪುನಃ ಹೇಳುವುದಿಲ್ಲ. ವ್ಯಾಪಾರಿಗೆ ಅದರ ಅರ್ಥ ಬೇರೆ. ಮಾರುಕಟ್ಟೆ ಮಂಗಳೂರಿನಲ್ಲೇ ಉಳಿಯಿತು, ಕಾನೂನು ತಿರುವನಂತಪುರಕ್ಕೆ ಹೋಯಿತು. ಬೆಲೆ ಕನ್ನಡ ಪತ್ರಿಕೆಯಲ್ಲಿ ಬರುತ್ತದೆ, ಭೂಮಿಯ ಕಾಯ್ದೆ ತಿರುವನಂತಪುರದಿಂದ.

1957ರಲ್ಲಿ ಬಂದ ಇ.ಎಂ.ಎಸ್. ಸರಕಾರ ಭೂಸುಧಾರಣೆಗೆ ಕೈ ಹಾಕಿತು. ಆ ಮಸೂದೆ ಕೃಷಿ ಸಂಬಂಧಗಳ ಕಾಯ್ದೆಯಾಯಿತು. ಅದನ್ನು ಪ್ರಶ್ನಿಸಿದ ಕರಿಂಬಿಲ್ ಕುಂಞಿಕೋಮನ್ ಪ್ರಕರಣದಲ್ಲಿ 1961ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ನಮ್ಮಲ್ಲಿ ಈ ತೀರ್ಪಿನ ಬಗ್ಗೆ ಚರ್ಚೆ ಆದದ್ದು ಬಹಳ ಕಡಿಮೆ. ಮದ್ರಾಸಿನಿಂದ ಬಂದ ಹೊಸದುರ್ಗ ಮತ್ತು ಕಾಸರಗೋಡು ತಾಲೂಕುಗಳ ರೈತವಾರಿ ಭೂಮಿಗೆ ಆ ಕಾಯ್ದೆ ನಿಲ್ಲುವುದಿಲ್ಲ ಎಂದಿತು ಕೋರ್ಟು. ಅದರಲ್ಲಿ ಒಂದು ಕಾರಣ ಏನು ಗೊತ್ತುಂಟಾ? ಚಹಾ, ಕಾಫಿ, ರಬ್ಬರ್ ತೋಟಗಳಿಗೆ ವಿನಾಯಿತಿ ಕೊಟ್ಟು ಅಡಿಕೆ, ಕಾಳುಮೆಣಸಿನ ತೋಟಗಳಿಗೆ ಕೊಡದಿರುವುದು ತಾರತಮ್ಯ ಎಂಬುದು. ನಮ್ಮ ತಾಲೂಕು, ನಮ್ಮ ಬೆಳೆ, ಎರಡೂ ತೀರ್ಪಿನಲ್ಲಿ ಬಂದಿವೆ.

ಈಗ 1967ರಲ್ಲಿ ಮೇಲಿನಂಗಡಿಯ ಜಗಲಿಯಲ್ಲಿ ಕೂತು ಯೋಚಿಸಿ. ದಣಿಗಳಿಗೆ ಮುಂಗಡ ಕೊಡುವುದು ಬುದ್ಧಿವಂತಿಕೆಯಾ, ದಡ್ಡತನವಾ? ದಣಿಗೆ ಇಪ್ಪತ್ತು ಒಕ್ಕಲುಗಳಿಂದ ಗೇಣಿಯ ಅಡಿಕೆ ಬರುತ್ತದೆ. ಒಬ್ಬನಿಗೆ ಕೊಟ್ಟರೆ ಇಪ್ಪತ್ತು ತೋಟದ ಮಾಲು ಒಂದೇ ಕಡೆ ಸಿಗುತ್ತದೆ, ಗುಣ ಒಂದೇ ತರ, ಲಾರಿ ತುಂಬುತ್ತದೆ, ಬಂದರಿನಲ್ಲಿ ದರ ಕೇಳುವ ಧೈರ್ಯ ಬರುತ್ತದೆ. ಭೂಮಿಯ ಕಾಯ್ದೆ ನಮಗೆ ತಾಗುವುದಿಲ್ಲ ಎಂದು ದೇಶದ ಅತಿ ದೊಡ್ಡ ಕೋರ್ಟೇ ಹೇಳಿದೆ. ಒಕ್ಕಲುಗಳಿಗೆ ಐದು ಹತ್ತು ಅಂತ ಚಿಲ್ಲರೆ ಸಾಲ ಕೊಡುತ್ತಿದ್ದ ನಮ್ಮ ಅಜ್ಜ ಆಗ ಊರಿಗೆ ಸಣ್ಣ ಬುದ್ಧಿಯವರಾಗಿ ಕಂಡಿದ್ದರೆ ಆಶ್ಚರ್ಯ ಇಲ್ಲ.

ಪೂರ್ತಿ ಅವರ ಪಕ್ಷ ವಹಿಸಲೂ ಮನಸ್ಸು ಒಪ್ಪುವುದಿಲ್ಲ. 1963ರಲ್ಲಿ ಹೊಸ ಭೂಸುಧಾರಣಾ ಕಾಯ್ದೆ ಬಂತು. 1964ರಲ್ಲಿ ಸಂವಿಧಾನದ ಹದಿನೇಳನೆಯ ತಿದ್ದುಪಡಿ ಇಂಥ ಕಾಯ್ದೆಗಳನ್ನು ಒಂಬತ್ತನೆಯ ಅನುಸೂಚಿಗೆ ಸೇರಿಸಿ ಕೋರ್ಟಿನ ಕೈ ಕಟ್ಟಿತು, ರೈತವಾರಿ ಭೂಮಿಯನ್ನೂ ಅದರೊಳಗೆ ತಂದಿತು. ಪತ್ರಿಕೆಯಲ್ಲಿ ಅಡಿಕೆ ದರ ಓದುವವರಿಗೆ ಈ ಸುದ್ದಿಯೂ ಕಣ್ಣಿಗೆ ಬಿದ್ದಿರಬೇಕು. ಕಿರ್ದಿಯಲ್ಲಿ ಅದರ ಸುಳಿವಿಲ್ಲ. ಅಳೆಯಲು ಬರುವುದನ್ನು ಅವರು ಬಹಳ ಚೆನ್ನಾಗಿ ಅಳೆದರು. ಅಳತೆಗೆ ಸಿಗದ್ದು ಅಂಚಿನಲ್ಲಿ ಬರಲಿಲ್ಲ. ಫ್ರಾಂಕ್ ನೈಟ್ 1921ರಲ್ಲೇ ಲೆಕ್ಕಕ್ಕೆ ಸಿಗುವ ಅಪಾಯ ಬೇರೆ, ಲೆಕ್ಕಕ್ಕೇ ಸಿಗದ ಅನಿಶ್ಚಿತತೆ ಬೇರೆ ಎಂದು ಬರೆದರು. ಬಂದರಿನ ದರ ಮೊದಲ ಜಾತಿ, ತಿರುವನಂತಪುರದ ವಿಧಾನಸಭೆ ಎರಡನೆಯದು.

1969ರ ತಿದ್ದುಪಡಿ ಕಾಯ್ದೆ 1970ರ ಜನವರಿ 1ರಿಂದ ಜಾರಿಗೆ ಬಂತು. ಗೇಣಿ ನಿಂತಿತು. ಒಕ್ಕಲುಗಳು ಭೂನ್ಯಾಯಮಂಡಳಿಗೆ ಅರ್ಜಿ ಹಾಕಿ ತೋಟದ ಹಕ್ಕುದಾರರಾದರು. (ಇನ್ನೊಂದು ಕಾಕತಾಳೀಯ: "ಉದಯವಾಣಿ" ಮಣಿಪಾಲದಿಂದ ಹೊರಟದ್ದೂ ಅದೇ ದಿನ.) ನ್ಯಾಯದ ದೃಷ್ಟಿಯಿಂದ ಅದು ದೊಡ್ಡ ದಿನ, ನಮ್ಮ ಅಜ್ಜನೂ ಚಾಲಗೇಣಿಯ ಒಕ್ಕಲೇ, ನಮಗೆ ಮನೆ ಅಡಿ ಸಿಕ್ಕಿದ್ದು ಆ ಕಾಯ್ದೆಯಿಂದ. ಮೇಲಿನಂಗಡಿಗೆ ಮಾತ್ರ ಕೊಟ್ಟ ಮುಂಗಡದ ಬುಡವೇ ಹೋಯಿತು. ದಣಿಗೆ ಗೇಣಿ ಬಾರದಿದ್ದರೆ ಅಂಗಡಿಗೆ ಅಡಿಕೆ ಎಲ್ಲಿಂದ ಬರುವುದು? ಇಪ್ಪತ್ತು ಒಕ್ಕಲುಗಳು ಇನ್ನು ತಮ್ಮ ತಮ್ಮ ಎರಡು ಗೋಣಿ ಹೊತ್ತು ತಾವೇ ಪೇಟೆಗೆ ಬಂದರು. ಬಂದದ್ದು ಅವರಿಗೆ ಮೊದಲೇ ಖಾತೆ ಇದ್ದ ಅಂಗಡಿಗೆ, ಕೆಳಗಿನಂಗಡಿಗೆ. ಅದರ ಮೇಲೆ ಅಡಿಕೆಯ ಬೆಲೆಯೂ ಆ ವರ್ಷಗಳಲ್ಲೇ ನೆಲಕಚ್ಚಿತು. ಅಟ್ಟದಲ್ಲಿ ಹಳತು ಮಾಡಲು ಇಟ್ಟವರು ಇನ್ನೂ ಕೆಟ್ಟರು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. ಇದೇ ಮನುಷ್ಯ, ಇದೇ ಕಿರ್ದಿ, ಇದೇ ಶೈಲಿ ಸಾರಡ್ಕದ ಆಚೆ, ವಿಟ್ಲದಲ್ಲಿ ಇದ್ದಿದ್ದರೆ? ಕರ್ನಾಟಕದಲ್ಲಿ ಗೇಣಿ ರದ್ದಾದದ್ದು 1974ರ ಮಾರ್ಚ್ 1ರಿಂದ. ನಾಲ್ಕು ವರ್ಷ ಹೆಚ್ಚು ಸಿಗುತ್ತಿತ್ತು. ಅಷ್ಟರಲ್ಲಿ, 1973ರ ಜುಲೈ 11ರಂದು ಕ್ಯಾಂಪ್ಕೋ ನೋಂದಾವಣೆ ಆಗಿ, ಬೆಲೆ ಹಿಡಿದು ನಿಲ್ಲಿಸುವ ಒಂದು ಕೈ ಬಂದಾಗಿತ್ತು. ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ ಎರಡೂ ರಾಜ್ಯಗಳ ಬೆಳೆಗಾರರು ಸೇರಿ ಕಟ್ಟಿದ ಸಹಕಾರಿ ಅದು, ಗಡಿ ಹಾಕಿದ ಗೆರೆಯನ್ನು ಅಡಿಕೆ ಒಪ್ಪಲಿಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ವಿಟ್ಲದಲ್ಲಿದ್ದರೆ ಅವರು ಉಳಿಯುತ್ತಿದ್ದರು ಎಂದು ಆಣೆ ಹಾಕಿ ಹೇಳಲಾರೆ. ಆದರೆ ಶೈಲಿ ಒಂದೇ ಇದ್ದು ಕಾನೂನು ಬೇರೆ ಆದರೆ ಫಲ ಬೇರೆ ಆಗಬಹುದು ಎಂಬಷ್ಟು ಮಾತಿಗೆ ಈ ಕವಲು ಸಾಕು. ಗಡಿನಾಡಿನ ವ್ಯಾಪಾರವನ್ನು ಅಧ್ಯಯನ ಮಾಡುವವರು ಯಜಮಾನನ ಸ್ವಭಾವದಿಂದ ಸುರು ಮಾಡಬಾರದು, ಆ ವರ್ಷ ಯಾವ ಕಾಯ್ದೆ ಯಾವ ಭಾಷೆಯಲ್ಲಿ ಬಂತು ಎಂಬಲ್ಲಿಂದ ಸುರು ಮಾಡಬೇಕು.

ಫಲ ಗೊತ್ತಾದ ಮೇಲೆ ಎಲ್ಲವೂ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬರೂಕ್ ಫಿಶಾಫ್ 1975ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ನಮ್ಮ ಊರು ಅದನ್ನು ಪ್ರಯೋಗ ಇಲ್ಲದೆ ಮಾಡಿತು. ಸೋತವನಿಗೆ ಒಂದು ಸ್ವಭಾವ ಹೊಲಿದು ಕೊಟ್ಟಿತು, ಗೆದ್ದವನಿಗೆ ಇನ್ನೊಂದು. ಸಂದರ್ಶನ ಮಾಡಿ "ನೀವು ಹೇಗೆ ತೀರ್ಮಾನ ತೆಗೆದುಕೊಂಡಿರಿ?" ಎಂದು ಕೇಳುವ ಸಂಶೋಧನೆಯ ತೊಂದರೆ ಇದೇ. ಇಂಥ ಬಾಯಿಮಾತಿನ ಚರಿತ್ರೆ ಎಷ್ಟು ಬೆಲೆಬಾಳುವುದೋ ಅಷ್ಟೇ ಜಾರುವಂಥದ್ದು. ಕಿರ್ದಿಗೆ ಮಾತ್ರ ನಾಳೆ ಏನಾಗುತ್ತದೆ ಎಂದು ಗೊತ್ತಿರುವುದಿಲ್ಲ.

ಕ್ಯಾಂಪ್ಕೋ ಬಂದ ಮೇಲಿನ ಕತೆಯನ್ನು ಬೇಗ ಮುಗಿಸುತ್ತೇನೆ. ಸ್ಥಳದಲ್ಲೇ ಹಣ ಕೊಡುವ ಸಂಸ್ಥೆ ಬಂದಾಗ ನಮ್ಮಂಥ ಅಂಗಡಿಗಳು ಸತ್ತವು ಅಂತ ಎಲ್ಲರೂ ಅಂದುಕೊಂಡರು. ಆದದ್ದು ಬೇರೆ. "ಕ್ಯಾಂಪ್ಕೋ ರೇಟು" ಎಂಬುದು ಅಳತೆಗೋಲಾಯಿತು, ಖಾಸಗಿಯವರು ಅದಕ್ಕೆ ಎರಡು ಮೂರು ರೂಪಾಯಿ ಸೇರಿಸಿ ಕೊಟ್ಟು ಮಾಲು ಹಿಡಿದರು. 1980ರ ಹೊತ್ತಿಗೆ ಕೊಕ್ಕೋದ ಬೆಲೆ ಬಿದ್ದು ಅದನ್ನು ಕೊಳ್ಳುತ್ತಿದ್ದ ಕಂಪನಿ ಹಿಂದೆ ಸರಿದಾಗ ಕ್ಯಾಂಪ್ಕೋ ಖರೀದಿಗಿಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು. ಅಜ್ಜ ಆಗ ಸ್ವಂತ ತೋಟದ ಅಡಿಕೆಯನ್ನು ಕ್ಯಾಂಪ್ಕೋಗೆ ಕೊಟ್ಟು, ಊರವರ ಅಡಿಕೆಯನ್ನು ಅಂಗಡಿಗೆ ತೆಗೆದುಕೊಂಡರು. ಕೇಳಿದರೆ ನಗುತ್ತಿದ್ದರಂತೆ.

ಅಪ್ಪನ ಕಾಲಕ್ಕೆ ಬಂದರೆ ನನ್ನ ವಾದಕ್ಕೆ ಇನ್ನೊಂದು ತಿರುವು ಸಿಗುತ್ತದೆ. ಅಪ್ಪ ಬಿ.ಕಾಂ. ಓದಿದವರು. ಅಜ್ಜನ ನಿಧಾನ ಅವರಿಗೆ ಹಿಡಿಸುತ್ತಿರಲಿಲ್ಲ, ಎಲ್ಲ ಲೆಕ್ಕದಲ್ಲಿ ಬರಬೇಕು. 2016ರ ನವೆಂಬರ್ 8ರ ರಾತ್ರಿ ದೊಡ್ಡ ನೋಟು ರದ್ದಾದಾಗ ಹೊಸ ಅಡಿಕೆಯ ಕಾಲ ಸುರುವಾಗುವುದರಲ್ಲಿತ್ತು. ಅಪ್ಪ ಲೆಕ್ಕ ಹಾಕಿ ಖರೀದಿ ನಿಲ್ಲಿಸಿದರು. ನಗದು ಇಲ್ಲದೆ ಕೊಳ್ಳುವುದು ಸರಿಯಲ್ಲ, ಇದು ಸರಿಯಾದ ತೀರ್ಮಾನ. ಹತ್ತಿರದ ಇನ್ನೊಬ್ಬ ಹುಡುಗ ಚೀಟಿಯಲ್ಲಿ ಬರೆದುಕೊಟ್ಟು, ದುಡ್ಡು ಬಂದಾಗ ಕೊಡ್ತೇನೆ ಎಂದು ಬಾಯಿಮಾತಿನ ಮೇಲೆ ಅಡಿಕೆ ತೆಗೆದುಕೊಂಡ. ನಮ್ಮ ಗಿರಾಕಿಗಳಲ್ಲಿ ಎಷ್ಟೋ ಮಂದಿ ಆ ವರ್ಷ ಅಲ್ಲಿಗೆ ಹೋದವರು ಮರಳಲಿಲ್ಲ. 2017ರ ಜುಲೈ 1ರಿಂದ ಜಿಎಸ್‌ಟಿ ಬಂತು, ಮಂಜೇಶ್ವರದ ತೆರಿಗೆ ಚೆಕ್‌ಪೋಸ್ಟ್ ಎದ್ದುಹೋಯಿತು. ಎರಡು ರಾಜ್ಯಗಳ ತೆರಿಗೆಯ ವ್ಯತ್ಯಾಸದಲ್ಲಿ ಬದುಕಿದ್ದ ಕೆಲವರು ಸೊರಗಿದರು. ಅಪ್ಪನಿಗೆ ಅದು ಹಿತವಾಯಿತು, ಕಾಗದಪತ್ರ ಸರಿ ಇಟ್ಟವರಿಗೆ ಇನ್ನು ಗಡಿಯೇ ಇಲ್ಲ ಎಂದರು. ಅದೇ ಲೆಕ್ಕದಲ್ಲಿ 2020ರ ಆರಂಭಕ್ಕೆ ನಮ್ಮ ಮಾಲಿನ ದೊಡ್ಡ ಪಾಲನ್ನು ಮಾರುಕಟ್ಟೆಗೆ ಹತ್ತಿರ ಎಂದು ಗಡಿಯಾಚೆಯ ಒಂದು ಬಾಡಿಗೆ ಗೋದಾಮಿನಲ್ಲಿ ಇಟ್ಟಿದ್ದರು, ಮಾರ್ಚಿನ ಕೊನೆಗೆ ಮಾರುವ ಲೆಕ್ಕ.

ಮಾರ್ಚಿನ ಕೊನೆಗೆ ಏನಾಯಿತು ನಿಮಗೆಲ್ಲ ಗೊತ್ತು. ಲಾಕ್‌ಡೌನ್ ಆಯಿತು, ಕರ್ನಾಟಕ ತಲಪಾಡಿಯನ್ನು ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ಈಚೆ ಉಳಿದರು, ಜೀವ ಹೋದದ್ದೂ ಉಂಟು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ಬಿಡಿಸಬೇಕೆಂದು ಆದೇಶ ಮಾಡಬೇಕಾಯಿತು. ಅದರ ಮುಂದೆ ಅಡಿಕೆ ದೊಡ್ಡ ವಿಷಯ ಅಲ್ಲ. ಆದರೂ ಅಪ್ಪ ಆ ತಿಂಗಳು ನಿದ್ದೆ ಮಾಡಲಿಲ್ಲ. ಗೋದಾಮಿನ ಬೀಗದ ಕೈ ಇಲ್ಲಿ, ಅಡಿಕೆ ಅಲ್ಲಿ, ಮಳೆಗಾಲ ಮುಂದೆ. "ಇಲ್ಲದ ಗಡಿ ಮಾರಾಯ" ಅಂತ ಒಮ್ಮೆ ಹೇಳಿದ್ದು ನೆನಪುಂಟು. ಮಾರಲು ಆಗಲಿಲ್ಲ. ಹಾಗೇ ಇಟ್ಟರು. ಆ ವರ್ಷದ ಕೊನೆಗೆ ಬೆಲೆ ಏರಿತು, 2021ರಲ್ಲಿ ಹಳೆ ಚಾಲಿ ಕಿಲೋಗೆ 500 ರೂಪಾಯಿಯ ಹತ್ತಿರ ಹೋಯಿತು. ನಮ್ಮ ಅಂಗಡಿಗೆ ಅಷ್ಟು ಲಾಭ ಹಿಂದೆ ಯಾವಾಗಲೂ ಬಂದಿರಲಿಲ್ಲ.

ಈಗ ಊರಿನಲ್ಲಿ ಅಪ್ಪನಿಗೆ ಏನು ಹೆಸರು ಗೊತ್ತಾ? "ಕಾದು ಮಾರುವವರು." ದೂರದೃಷ್ಟಿ ಉಳ್ಳವರು. ಮೊನ್ನೆ ಒಬ್ಬರು ಸಲಹೆ ಕೇಳಲು ಬಂದಿದ್ದರು. ಅಪ್ಪ ನನ್ನ ಮುಖ ನೋಡಿದರು.

ಸಮಯ ಮೀರುತ್ತಿದೆ ಅಂತ ಅಧ್ಯಕ್ಷರು ಬರೆದು ತೋರಿಸುತ್ತಿದ್ದಾರೆ. ಒಂದು ಪ್ರಶ್ನೆ ಬಂದಿದೆ, ಅದಕ್ಕೆ ಉತ್ತರಿಸಿ ನಿಲ್ಲಿಸುತ್ತೇನೆ. ಮೇಲಿನಂಗಡಿಯ ಮನೆಯವರಿಗೆ ಈ ಕಿರ್ದಿಯ ವಿಷಯ ಗೊತ್ತಾ ಎಂದು ಕೇಳಿದ್ದಾರೆ.

ಗೊತ್ತು. ಅಪ್ಪ ಬೇಡ ಎಂದರು, ಅಷ್ಟು ವರ್ಷದ ಮೇಲೆ ಯಾಕೆ ಎಂದರು. ನಾನೇ ಹುಡುಕಿಕೊಂಡು ಹೋದೆ. ಅವರ ಮೊಮ್ಮಗ ಕಣ್ಣೂರಿನ ಕಡೆ ಕೆಲಸದಲ್ಲಿದ್ದಾರೆ, ಶಾಲೆ ಕಲಿತದ್ದು ಮಲಯಾಳದಲ್ಲಿ. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ನಾನು ಪಕ್ಕದಲ್ಲಿ ಕೂತು ನಾಲ್ಕು ಹಾಳೆ ಓದಿ ಹೇಳಿದೆ, ಅಂಚಿನ ದರಗಳನ್ನೂ ಸೇರಿಸಿ. ಅವರ ಮನೆಯಲ್ಲೂ ಅಜ್ಜ ಹಿಂದೆ ಮುಂದೆ ನೋಡದವರು ಎಂಬ ಕತೆಯೇ ಇತ್ತಂತೆ. ಪುಸ್ತಕ ನಿಮ್ಮದು, ಇಟ್ಟುಕೊಳ್ಳಿ ಎಂದೆ. ಓದಲು ಬರುವವರ ಹತ್ತಿರ ಇರಲಿ ಎಂದರು. ಆಮೇಲೆ ಫೋನ್ ತೆಗೆದು ಒಂದು ಹಾಳೆಯ ಚಿತ್ರ ಹಿಡಿದುಕೊಂಡರು. ಲೆಕ್ಕದ ಹಾಳೆ ಅಲ್ಲ. ಮೊದಲ ಪುಟ, ಮೇಲೆ ಶ್ರೀಕಾರ, ಕೆಳಗೆ ಅವರ ಅಜ್ಜನ ಹೆಸರು, ಮುತ್ತಿನಂಥ ಅಕ್ಷರದಲ್ಲಿ.